ಕಿಲೋಮೀಟರಿಗೆ ಹತ್ತೊಂಬತ್ತು ಅಡಿ

ಅವರ ಬಲಗಾಲಿನ ಹಿಮ್ಮಡಿ ಎಡಗಾಲಿನದಕ್ಕಿಂತ ದಪ್ಪ ಇತ್ತು. ಸುತ್ತ ಒಡೆದು, ಬೂದಿಬಣ್ಣಕ್ಕೆ ತಿರುಗಿ, ಒಣಕೊಬ್ಬರಿಯ ಬೆನ್ನಿನಂತೆ ಗಟ್ಟಿಯಾಗಿತ್ತು. ದಾರಿಯಲ್ಲಿ ಹೋಗುತ್ತ ಹೋಗುತ್ತ ಇದ್ದಕ್ಕಿದ್ದಂತೆ ಸೈಕಲ್ಲಿನಿಂದ ಇಳಿದು, ಬಲಗಾಲಿನ ಚಪ್ಪಲಿ ಕಳಚಿಟ್ಟು, ಹಿಮ್ಮಡಿಯಿಂದ ನೆಲಕ್ಕೆ ಮೂರು ಸಲ ಗುದ್ದುತ್ತಿದ್ದರು. ಆಮೇಲೆ ತಲೆ ಓರೆ ಮಾಡಿ ಕೇಳಿಸಿಕೊಳ್ಳುತ್ತಿದ್ದರು. "ಐತೆ" ಎಂದರೆ ಅಲ್ಲಿ ಒಂದೂವರೆ ಅಡಿ ಮಣ್ಣಿನ ಕೆಳಗೆ ಕಲ್ಲಿದೆ ಎಂದರ್ಥ. ನನಗೆ ಮೂರು ಗುದ್ದೂ ಒಂದೇ ಥರ ಕೇಳುತ್ತಿದ್ದವು. ಬಿಸಿಲು ಏರುತ್ತಿದೆ, ಇನ್ನೂ ನಲವತ್ತು ಕಿಲೋಮೀಟರು ಬಾಕಿ ಇದೆ, ಈ ಮನುಷ್ಯ ನೋಡಿದರೆ ನೆಲಕ್ಕೆ ಒದೆಯುತ್ತ ನಿಂತಿದ್ದಾರೆ ಎಂದು ನಾನು ಹಲ್ಲು ಕಡಿಯುತ್ತಿದ್ದೆ.

ಅವರು ಸರ್ವೆ ಇಲಾಖೆಯಲ್ಲಿ ಬಾಂದು ಜವಾನರಾಗಿದ್ದವರು. ಹೊಲ, ದಾರಿ, ಊರುಗಳ ಗಡಿಗೆ ನೆಟ್ಟ ಕಲ್ಲಿಗೆ ಬಾಂದು ಎನ್ನುತ್ತಾರೆ. ಅಳತೆಗೆ ಬಂದ ಸರ್ವೇಯರ್ ಸಾಹೇಬರಿಗೆ ಆ ಕಲ್ಲು ಹುಡುಕಿ ತೋರಿಸುವುದು, ಸರಪಳಿ ಹಿಡಿದು ಮುಂದೆ ಮುಂದೆ ನಡೆಯುವುದು ಬಾಂದು ಜವಾನರ ಕೆಲಸ. ಮೂವತ್ತಕ್ಕೂ ಹೆಚ್ಚು ವರ್ಷ ಅದನ್ನೇ ಮಾಡಿ ನಿವೃತ್ತರಾಗಿ, ಹೊನ್ನಾಳಿಗೂ ಚನ್ನಗಿರಿಗೂ ನಡುವಿನ ತಮ್ಮ ಸಣ್ಣ ಊರಿನಲ್ಲಿ ಇದ್ದರು. ಊರೆಲ್ಲ ಅವರನ್ನು ಬಾಂದಜ್ಜ ಎಂದೇ ಕರೆಯುತ್ತಿತ್ತು. ನನಗೂ ಅವರು ಅಜ್ಜ.

ನಾನು ಹೈಸ್ಕೂಲಿನಲ್ಲಿ ಗಣಿತ ಕಲಿಸುವವಳು. ನಲವತ್ತು ದಾಟಿದ ಮೇಲೆ ನನಗೆ ಗ್ರಾವೆಲ್ ಸೈಕಲ್ಲಿನ ಹುಚ್ಚು ಹಿಡಿಯಿತು. ರೇಸ್ ಸೈಕಲ್ಲಿನ ಹಾಗೆ ಬಾಗಿದ ಹ್ಯಾಂಡಲ್ಲು, ಆದರೆ ಟೈರು ದಪ್ಪ. ಡಾಂಬರು ಬಿಟ್ಟು ಜಲ್ಲಿ, ಮಣ್ಣು, ನಾಲೆ ಏರಿಗಳ ಮೇಲೆ ಓಡಲೆಂದೇ ಮಾಡಿದ್ದು. ದಾವಣಗೆರೆ, ಶಿವಮೊಗ್ಗಗಳಲ್ಲಿ ಇಂಥದೇ ಹುಚ್ಚಿನ ಹತ್ತು ಹನ್ನೆರಡು ಜನ ಸಿಕ್ಕರು. ಗೋವಿನಕೋವಿಯಿಂದ ಹೊಳೆ ದಂಡೆ ಹಿಡಿದು ಹೊನ್ನಾಳಿ, ಅಲ್ಲಿಂದ ಸೇತುವೆ ದಾಟಿ ನಾಲೆಗಳ ಗುಂಟ ಸೂಳೆಕೆರೆಯ ಹಿಂಬದಿಗೆ, ಆಮೇಲೆ ಉಬ್ರಾಣಿಯ ದಿಣ್ಣೆಗಳವರೆಗೆ ಡಾಂಬರು ಮುಟ್ಟದೆ ಹೋಗುವ ಒಂದು ದಾರಿಯ ನಕ್ಷೆ ಮಾಡುವುದು ನನ್ನ ಆಸೆ. ಎಲ್ಲ ಸೇರಿತ್ತು, ನಡುವೆ ಎರಡೂವರೆ ಕಿಲೋಮೀಟರು ಮಾತ್ರ ಸೇರಿರಲಿಲ್ಲ. ಅಲ್ಲೊಂದು ಜೌಗು. ಗದ್ದೆಗಳ ಬಸಿನೀರು ಬಂದು ನಿಂತು, ಜೊಂಡು ಬೆಳೆದು, ದಾರಿ ಅದರೊಳಗೆ ಮಾಯವಾಗುತ್ತಿತ್ತು. ಅದನ್ನು ತಪ್ಪಿಸಬೇಕೆಂದರೆ ಲಾರಿಗಳು ಓಡುವ ಹೆದ್ದಾರಿಯಲ್ಲಿ ಹನ್ನೊಂದು ಕಿಲೋಮೀಟರು ಸುತ್ತಬೇಕು. ಹಳೇ ದಾರಿ ಬಾಂದಜ್ಜನಿಗೆ ಬಿಟ್ಟರೆ ಯಾರಿಗೂ ಗೊತ್ತಿಲ್ಲ ಎಂದು ಚಹಾದಂಗಡಿಯವರು ಕಳಿಸಿದ್ದರಿಂದ ಆ ವರ್ಷದ ಮಳೆಗಾಲದಲ್ಲಿ ನಾನು ಅವರ ಮನೆ ಮುಂದೆ ಹೋಗಿ ನಿಂತೆ.

ಅಜ್ಜ ಮೊದಲು ನನ್ನ ಸೈಕಲ್ಲಿನ ಸುತ್ತ ಒಂದು ಪ್ರದಕ್ಷಿಣೆ ಬಂದರು. ಕ್ಯಾರಿಯರ್ ಎಲ್ಲಿ ಎಂದರು. ಇಲ್ಲ ಎಂದೆ. ಸ್ಟ್ಯಾಂಡು? ಇಲ್ಲ. ಚೈನ್ ಕವರು? ಅದೂ ಇಲ್ಲ. ಇದರ ಬೆಲೆಗೆ ಒಂದು ಹಳೇ ಮೋಟರ್ ಸೈಕಲ್ಲೇ ಬರುತ್ತಿತ್ತಲ್ಲ ಎಂದು ಮರುಗಿ, ಒಳಗೆ ಕರೆದು ಮಂಡಕ್ಕಿ ಕೊಟ್ಟರು. ದಾರಿ ಎಷ್ಟು ದೂರ ಎಂದು ಕೇಳಿದೆ. "ಅಳೀದೆ ಹೇಳಾಕಾಗಲ್ರಿ ಟೀಚರಮ್ಮ" ಎಂದರು. ಅದು ಅವರ ಮಾತಿನ ಪಲ್ಲವಿ. ಮಳೆ ಬರುತ್ತದೆಯೇ ಎಂದು ಕೇಳಿದರೂ ಅಳೆಯದೆ ಹೇಳುವವರಲ್ಲ.

ಹೇಳಿದಾಗಲೂ ನನಗೆ ಬೇಕಾದ ಹಾಗೆ ಹೇಳಿದವರಲ್ಲ. ಅವರ ಲೆಕ್ಕ ಸರಪಳಿಯಲ್ಲಿ. ಒಂದು ಸರಪಳಿ ಎಂದರೆ ಮೂವತ್ತಮೂರು ಅಡಿ. ಒಂದು ಸರಪಳಿಗೆ ಹದಿನಾರು ಆಣೆ. ಎಡಕ್ಕೆ ಬಲಕ್ಕೆ ಎನ್ನುವುದು ಅವರ ಬಾಯಲ್ಲಿ ಇರಲೇ ಇಲ್ಲ. ತೂಬಿನಿಂದ ಮೂಡಲಕ್ಕೆ ಎಂಟು ಸರಪಳಿ ನಾಲ್ಕಾಣೆ ಹೋಗಿ ಬಡಗಲಕ್ಕೆ ತಿರುಗಬೇಕು ಎಂದು ಬಿಟ್ಟರೆ ನಾನು ಫೋನು ತೆಗೆದು ಗುಣಾಕಾರ ಮಾಡುತ್ತ ಕೂರಬೇಕು. ಒಂದು ದಿನ ರೇಗಿ, ಇನ್ನು ಈ ಸರಪಳಿ ಸಾಕು, ನೂರು ಸರಪಳಿಗೆ ಒಂದು ಕಿಲೋಮೀಟರು ಅಂತ ಹಿಡಿಯೋಣ, ತಲೆನೋವು ತಪ್ಪುತ್ತದೆ ಎಂದೆ. ಅಜ್ಜ ಬೆರಳು ಮಡಚಿ ಮಡಚಿ ಲೆಕ್ಕ ಹಾಕಿದರು.

"ನೂರು ಸರಪಳಿ ಅಂದ್ರೆ ಮೂರು ಸಾವಿರದ ಮುನ್ನೂರು ಅಡಿ. ನಿಮ್ಮ ಕಿಲೋಮೀಟ್ರು ಹತ್ತೊಂಬತ್ತಡಿ ಕಮ್ಮಿ ಬೀಳ್ತೈತಲ್ರಿ."

ಹತ್ತೊಂಬತ್ತು ಅಡಿಯಿಂದ ಆಕಾಶ ಬೀಳುವುದಿಲ್ಲ ಎಂದೆ. ಟೀಚರಮ್ಮನ ಮಾತಿಗೆ ಎದುರಾಡಬಾರದು ಎಂದೋ ಏನೋ, ಅಜ್ಜ ಮತ್ತೆ ಆ ಲೆಕ್ಕ ಎತ್ತಲಿಲ್ಲ. ನಾನಾಡಿದ ಆ ಮಾತು ನನಗೆ ಇವತ್ತಿಗೂ ಚುಚ್ಚುತ್ತದೆ.

ಭಾನುವಾರ ಬೆಳಗಿನ ಆರಕ್ಕೆ ಬರುತ್ತೇನೆ ಎಂದರೆ ಅವರು ಐದಕ್ಕೇ ಊರ ಬಾಗಿಲಿನಲ್ಲಿ ಕಪ್ಪು ಸೈಕಲ್ಲು ಹಿಡಿದು ನಿಂತು, ನಾನು ತಡ ಮಾಡಿದೆ ಎಂಬಂತೆ ನೋಡುತ್ತಿದ್ದರು. ಹೊರಟ ಮೇಲೆ ಸಿಕ್ಕ ಸಿಕ್ಕ ಬಾಂದಿಗೆಲ್ಲ ಇಳಿಯುವುದು. ಮೇಲಿನ ಮಣ್ಣು ಕೆದರಿ, ಎಲೆಯಡಿಕೆಯ ಡಬ್ಬಿಯಿಂದ ಹೆಬ್ಬೆರಳಿಗೆ ಸುಣ್ಣ ತೆಗೆದು ಕಲ್ಲಿನ ತಲೆಗೆ ಬಳಿಯುವುದು. ಉಳಿದ ಸುಣ್ಣ ಎಲೆಗೆ ಸವರಿ ಬಾಯಿಗೆ. ಒಂದು ಬೆಳಿಗ್ಗೆ ಒಂಬತ್ತು ಕಿಲೋಮೀಟರಿಗೆ ಮೂರು ಗಂಟೆ ಹಿಡಿಯಿತು. ಸರ್ಕಾರ ನಿಮ್ಮನ್ನು ಮನೆಗೆ ಕಳಿಸಿ ಎಷ್ಟೋ ವರ್ಷವಾಯಿತು, ಈ ಕಲ್ಲುಗಳ ಯೋಗಕ್ಷೇಮ ನಿಮಗ್ಯಾಕೆ ಎಂದು ಕೇಳಿಯೂ ಬಿಟ್ಟೆ. ಅವರು ಕೆಲವು ವರ್ಷ ಜಗಳೂರಿನ ಕಡೆಯೂ ಕೆಲಸ ಮಾಡಿದ್ದರು. ಅದನ್ನು ನೆನೆದು ಹೇಳಿದರು, "ಜಗಳೂರಾಗೆ ಕಲ್ಲು ನೆಟ್ರೆ ನೆಟ್ಟಲ್ಲೇ ಇರ್ತೈತ್ರಿ. ಇಲ್ಲಿ ನೀರು ಐತೆ ನೋಡ್ರಿ, ಕಲ್ಲು ನುಂಗ್ತೈತೆ. ಯಾರಾದ್ರೂ ನೋಡ್ಕಬೇಕು."

ಇದನ್ನೆಲ್ಲ ಸಹಿಸಿಕೊಳ್ಳಬಹುದಿತ್ತು. ಸಹಿಸಲಾಗದ್ದು ಬೇರೆ ಇತ್ತು. ಯಾವ ಕಡೆ ಹೊರಟರೂ ಕೊನೆಗೆ ಅಜ್ಜ ನನ್ನನ್ನು ಆ ಜೌಗಿನ ದಂಡೆಗೇ ತಂದು ನಿಲ್ಲಿಸುತ್ತಿದ್ದರು. ಅಲ್ಲಿ ದಾರಿ ತೋರಿಸುತ್ತಾರೆಯೇ ಎಂದರೆ ಇಲ್ಲ. ಸುಮ್ಮನೆ ನಿಂತು ನೀರು ನೋಡುವುದು. ಆಚೆ ಊರಿನ ಹೆಂಗಸರು ನಾಟಿಗೋ ಅಡಿಕೆ ಸುಲಿಯುವುದಕ್ಕೋ ಆ ನೀರಿನಲ್ಲೇ ದಾಟಿ ಬರುತ್ತಿದ್ದರು. ಸೀರೆ ಎತ್ತಿ ಕಟ್ಟಿ, ಬುತ್ತಿಗಂಟು ತಲೆ ಮೇಲಿಟ್ಟು, ತೊಡೆಮಟ್ಟದ ನೀರಿನಲ್ಲಿ ಒಬ್ಬರ ಹಿಂದೆ ಒಬ್ಬರು. ಮುಂದೆ ಇರುತ್ತಿದ್ದ ಗುಂಪಿನ ಹಿರಿಯಾಕೆಗೆ ಅಜ್ಜನನ್ನು ಕಂಡರೆ ತಮಾಷೆ. ಪಿಂಚಣಿ ಎಣಿಸೋದು ಬಿಟ್ಟು ಕಪ್ಪೆ ಎಣಿಸ್ತೀಯೇನಜ್ಜ ಎಂದು ನಗಿಸಿ ಹೋಗುತ್ತಿದ್ದರು. ಅಜ್ಜ ನಗುತ್ತಿರಲಿಲ್ಲ.

ನಾಲ್ಕನೆಯ ಸಲವೂ ಅಲ್ಲಿಗೇ ತಂದು ನಿಲ್ಲಿಸಿದಾಗ ನನ್ನ ತಾಳ್ಮೆ ಮುಗಿಯಿತು. ದಾರಿ ಗೊತ್ತಿದ್ದರೆ ಹೇಳಿ, ಇಲ್ಲದಿದ್ದರೆ ನನ್ನ ಭಾನುವಾರಗಳನ್ನಾದರೂ ಬಿಡಿ ಎಂದು ಜೋರಾಗಿಯೇ ಅಂದೆ. ಅಜ್ಜ ಸೈಕಲ್ಲಿಗೆ ಸ್ಟ್ಯಾಂಡ್ ಹಾಕಿ, ನಾಲೆ ಏರಿಯ ಮೇಲೆ ಕೂತು, ನನ್ನ ಮುಖ ನೋಡದೆ ಹೇಳಿದರು.

ಇಪ್ಪತ್ತು ವರ್ಷದ ಹಿಂದೆ ಇಲ್ಲಿ ಮರು ಅಳತೆ ನಡೆದಿತ್ತು. ಊರಿನ ನಕಾಶೆಯಲ್ಲಿ ಗೆರೆ ಹಾಕಿದ್ದ ಬಂಡಿ ದಾರಿ ಇದು. ಜೌಗಿನ ಪಕ್ಕದ ಒಣ ದಿಬ್ಬದ ಮೇಲೆ ಹೋಗುತ್ತಿತ್ತು. ದಿಬ್ಬದ ಬುಡದಲ್ಲಿ ದಾರಿಯ ಗುರುತಿಗೆ ಒಂದು ಬಾಂದು. ಅವತ್ತು ನಾಲೆ ತುಂಬಿತ್ತು, ಬುಡವೆಲ್ಲ ನೀರು ಮತ್ತು ಹೂಳು. ಸಂಜೆಯಾಗುತ್ತ ಬಂದಿತ್ತು, ಅಜ್ಜನಿಗೆ ಜ್ವರ ಬೇರೆ. ನೀರಿಗಿಳಿದು ಹುಡುಕಲು ಮನಸ್ಸಾಗಲಿಲ್ಲ. ಸಿಕ್ಕಿತೇ ಎಂದು ಸಾಹೇಬರು ಏರಿಯ ಮೇಲಿನಿಂದಲೇ ಕೂಗಿದರು. ಎಂಟು ಸರಪಳಿ ಆಚೆ, ನೀರಿನ ಮೇಲೆ ತಲೆ ಎತ್ತಿದ್ದ ಒಂದು ಕಲ್ಲು ತೋರಿಸಿ, ಸಿಕ್ಕಿತು ಎಂದರು ಅಜ್ಜ.

"ಅದು ಬಾಂದಲ್ರಿ ಟೀಚರಮ್ಮ. ಎಮ್ಮೆ ಮೈ ತೊಳೆಯಾಕೆ ಬಂದೋರು ಹಗ್ಗ ಕಟ್ಟಾಕೆ ನೆಟ್ಟ ಕಲ್ಲು. ನಂಗೆ ಗೊತ್ತಿತ್ತು."

ಆ ಎಮ್ಮೆ ಕಲ್ಲು ಹಿಡಿದು ಗೆರೆ ಎಳೆದಾಗ ದಾರಿಯ ಕೊನೆಯ ಭಾಗ ಜೌಗಿನೊಳಗೆ ಬಿತ್ತು. ಒಣ ದಿಬ್ಬ ಪಕ್ಕದ ತೋಟಕ್ಕೆ ಸೇರಿ ತಂತಿ ಬೇಲಿ ಬಂತು. ತೋಟದವರದು ತಪ್ಪೆನ್ನುವ ಹಾಗಿಲ್ಲ, ಕಾಗದ ಅವರ ಕಡೆಗಿತ್ತು. ಅಂದಿನಿಂದ ಈ ಹೆಂಗಸರು ನೀರಿಗಿಳಿದರು. ಬಾಂದು ಸಿಕ್ಕರೆ ಮಾತ್ರ ಹದ್ದುಬಸ್ತಿಗೆ, ಅಂದರೆ ಗಡಿಯನ್ನು ಮತ್ತೆ ಅಳೆದು ಗುರುತಿಸುವುದಕ್ಕೆ, ಅರ್ಜಿ ಹಾಕಿ ಪ್ರಯೋಜನ. ಮೂರು ಊರು ಕೂಡುವ ಗಡಿಕಲ್ಲಿನಿಂದ ದಿಬ್ಬದ ಬುಡ ಹಿಡಿದು ಬಂದರೆ ಆ ಬಾಂದಿಗೆ ಸರಿಯಾಗಿ ಇನ್ನೂರ ನಲವತ್ತು ಸರಪಳಿ. ಅದು ಅವರಿಗೆ ಬಾಯಿಪಾಠ. ಆದರೆ ಸರಪಳಿ ಆಫೀಸಿನದು, ಒಬ್ಬರೇ ಹಿಡಿಯುವಂಥದಲ್ಲ. ನನ್ನ ಸೈಕಲ್ಲಿನಲ್ಲಿ ದೂರ ತೋರಿಸುವ ಮೀಟರು ಇರುವುದನ್ನು ಅವರು ಮೊದಲ ದಿನವೇ ನೋಡಿಕೊಂಡಿದ್ದರು.

ನನಗೆ ಬಂದ ಸಿಟ್ಟು ಅಷ್ಟಿಷ್ಟಲ್ಲ. ಆ ಹೆಂಗಸರ ಪರವಾಗಿ ಬಂದ ಸಿಟ್ಟೆಷ್ಟು, ಮೊದಲೇ ಹೇಳಬಾರದಿತ್ತೇ ಎಂಬ ಸಿಟ್ಟೆಷ್ಟು ಎಂದು ಬೇರೆ ಮಾಡಲಾರೆ. ದಾರಿ ತೋರಿಸುತ್ತೇನೆ ಎಂದು ನನ್ನನ್ನು ಮೂರು ತಿಂಗಳು ತಿರುಗಿಸಿದ್ದು ಇದಕ್ಕೋ ಎಂದೆ. ಅಜ್ಜ ಹೌದೆಂದರು. ಆಮೇಲೆ ಒಂದು ಷರತ್ತನ್ನೂ ಹಾಕಿದರು. ಅಷ್ಟು ಸಿಟ್ಟಾದವಳಿಗೆ ಷರತ್ತು ಹಾಕುವ ಧೈರ್ಯ ನೋಡಿ.

"ಕಲ್ಲು ಸಿಕ್ಕು ದಾರಿ ಬಿಟ್ರೆ ನೀವೂ ಓಡಾಡ್ರಿ, ಬ್ಯಾಡ ಅನ್ನಲ್ಲ. ಆದ್ರೆ ಹೆಣ್ಮಕ್ಕಳು ಎದುರಿಗೆ ಬಂದ್ರೆ ನೀವು ಕೆಸರಿಗಿಳೀಬೇಕು. ಅವರು ಇಳಿಯೋದು ಸಾಕು."

ಡಿಸೆಂಬರಿನಲ್ಲಿ ನಾಲೆ ನೀರು ನಿಂತು ಜೌಗಿನ ಅಂಚು ಒಣಗಿತು. ನಾನು ಗಡಿಕಲ್ಲಿನ ಬಳಿ ಮೀಟರನ್ನು ಸೊನ್ನೆ ಮಾಡಿ ಹೊರಟೆ. ಇನ್ನೂರ ನಲವತ್ತು ಸರಪಳಿ, ಅಂದರೆ ಎರಡು ಸಾವಿರದ ನಾನೂರು ಮೀಟರು. ಅಲ್ಲಿ ಒಂದು ಕೋಲು ನೆಟ್ಟು, ಹಳೇ ದುಪಟ್ಟಾದ ತುಂಡು ಕಟ್ಟಿದೆ. ಅಜ್ಜ ಸುತ್ತಲೂ ಹಿಮ್ಮಡಿ ಗುದ್ದಿದರು. "ಇಲ್ಲ" ಎಂದರು. ನಾನು ಮತ್ತೆ ಅಳೆದೆ, ಮತ್ತೆ ಅದೇ ಜಾಗ. ಹಾರೆ ತಂದು ಸುತ್ತ ಐದು ಹೆಜ್ಜೆ ಅಗೆದೆವು. ನಾಲ್ಕು ಭಾನುವಾರ ಹೀಗೇ ಹೋಯಿತು. ನಿಮಗೆ ಸಂಖ್ಯೆ ಸರಿಯಾಗಿ ನೆನಪಿದೆಯೇ ಎಂದು ನಾನು ಪ್ರತಿ ವಾರ ಕೇಳುತ್ತಿದ್ದೆ. ತರಗತಿಯಲ್ಲಿ ಮಗ್ಗಿ ತಪ್ಪಿದವರನ್ನು ಕೇಳುವ ದನಿಯಲ್ಲೇ ಕೇಳಿರಬೇಕು. ಮೊದಲೆರಡು ವಾರ ಅಜ್ಜ ಗಟ್ಟಿಯಾಗಿ ಇನ್ನೂರ ನಲವತ್ತೇ ಎಂದರು. ಮೂರನೆಯ ವಾರ ಇರಬೇಕು ಎಂದರು. ನಾಲ್ಕನೆಯ ವಾರ ಹಾರೆ ಕೆಳಗಿಟ್ಟು, "ನನ್ನ ತಲೇನೇ ಕೆಟ್ಟೈತೆ ಬಿಡ್ರಿ. ನಿಮ್ಮ ಮೀಟ್ರು ಸುಳ್ಳು ಹೇಳ್ತೈತಾ?" ಎಂದರು.

ಜನವರಿಯಲ್ಲಿ ನಾಲೆಗೆ ನೀರು ಬಿಟ್ಟರು, ಜೌಗು ತುಂಬಿತು. ಅಜ್ಜ ಹೊರಗೆ ಬರುವುದನ್ನು ಕಡಿಮೆ ಮಾಡಿದರು. ಉಸಿರಿನ ತೊಂದರೆ ಇತ್ತು, ಆದರೆ ಮನೆಯವರು ಹೇಳಿದ್ದು ಬೇರೆ: ರಾತ್ರಿ ಹಗಲು ಬೆರಳು ಮಡಚಿ ಲೆಕ್ಕ ಹಾಕುತ್ತಾರೆ, ಕೇಳಿದರೆ ನನಗೆ ಎಲ್ಲ ಮರೆಯುತ್ತಿದೆ ಎನ್ನುತ್ತಾರೆ ಎಂದರು. ಸ್ವಂತ ತಪ್ಪನ್ನು ಇಪ್ಪತ್ತು ವರ್ಷ ಮರೆಯದೆ ಇಟ್ಟುಕೊಂಡಿದ್ದ ಮನುಷ್ಯ ಈಗ ತನ್ನ ನೆನಪನ್ನೇ ನಂಬದಾಗಿದ್ದರು.

ಮಾರ್ಚಿನಲ್ಲಿ ನಾನು ಪರೀಕ್ಷೆಯ ಉತ್ತರಪತ್ರಿಕೆ ತಿದ್ದುತ್ತಿದ್ದೆ. ಯಾರೋ ಒಬ್ಬಳು ಲೆಕ್ಕದ ಮೊದಲನೇ ಸಾಲಿನಲ್ಲೇ ಅಂದಾಜು ಸಂಖ್ಯೆ ಹಿಡಿದು, ಕೊನೆಗೆ ದೊಡ್ಡ ತಪ್ಪು ತಂದುಕೊಂಡಿದ್ದಳು. ಮೊದಲೇ ಅಂದಾಜು ಮಾಡಬಾರದು ಎಂದು ಕೆಂಪು ಶಾಯಿಯಲ್ಲಿ ಬರೆದು ಎರಡು ಅಂಕ ಕಳೆದೆ. ಮುಂದಿನ ಪತ್ರಿಕೆಗೆ ಕೈ ಹಾಕಿದವಳು ಅಲ್ಲೇ ನಿಂತೆ. ನೂರು ಸರಪಳಿಗೆ ಹತ್ತೊಂಬತ್ತು ಅಡಿ. ಇನ್ನೂರ ನಲವತ್ತಕ್ಕೆ ನಲವತ್ತಾರು ಅಡಿ. ಗಣಿತದ ಟೀಚರಮ್ಮ ಕೋಲು ನೆಟ್ಟದ್ದು ನಲವತ್ತಾರು ಅಡಿ ಹಿಂದೆ. ಅಲ್ಲೇ ನಾಲ್ಕು ವಾರ ಒಬ್ಬ ಮುದುಕನ ಕೈಯಲ್ಲಿ ನೆಲ ಅಗೆಸಿ, ನಿಮಗೆ ನೆನಪಿದೆಯೇ ಎಂದು ಕೇಳಿದ್ದು ಬೇರೆ. ನನ್ನ ಜೀವನದಲ್ಲಿ ಅಷ್ಟು ನಾಚಿಕೆ ಎಂದೂ ಆಗಿರಲಿಲ್ಲ.

ಮರುದಿನ ಹೋಗಿ ಹೇಳಿದೆ. ಅಜ್ಜ ಬೈಯಬಹುದಿತ್ತು, ಬೈದಿದ್ದರೆ ನನಗೂ ಹಗುರಾಗುತ್ತಿತ್ತು. ಬೆರಳು ಮಡಚಿದರು. "ಒಂದು ಸರಪಳಿ, ಆರಾಣೆ ಚಿಲ್ಲರೆ" ಎಂದರು. ಆಮೇಲೆ ಒಳಗೆ ತಿರುಗಿ, ತಲೆ ಸರಿಯಾಗೇ ಐತಂತೆ ಕಣೇ ಎಂದು ಹೆಂಡತಿಗೆ ಕೂಗಿ ಹೇಳಿದರು. ನೀವು ಅವತ್ತೇ ಹೇಳಿದ್ದಿರಲ್ಲ, ಆಮೇಲೆ ಯಾಕೆ ನೆನಪಿಸಲಿಲ್ಲ ಎಂದು ಕೇಳಿದೆ. ನೀವು ಓದಿದೋರು ಎಂದರು. ಈ ಒಂದು ಮಾತಿಗೆ ನಾನು ಅವರನ್ನು ಇನ್ನೂ ಪೂರ್ತಿ ಕ್ಷಮಿಸಿಲ್ಲ.

ಮೇ ಕೊನೆಯಲ್ಲಿ ನಾಲೆ ಮತ್ತೆ ನಿಲ್ಲುವ ಹೊತ್ತಿಗೆ ಅಜ್ಜನಿಗೆ ಪೆಡಲ್ ತುಳಿಯಲು ಆಗುತ್ತಿರಲಿಲ್ಲ. ಕಾರು ಅಲ್ಲಿಗೆ ಹೋಗುವುದಿಲ್ಲ. ನಾನು ನನ್ನ ಸೈಕಲ್ಲನ್ನು ಹೊನ್ನಾಳಿಯ ಸೈಕಲ್ ಅಂಗಡಿಗೆ ಒಯ್ದು ಕಬ್ಬಿಣದ ಕ್ಯಾರಿಯರ್ ಹಾಕಿಸಿದೆ. ಇಂಥ ಸೈಕಲ್ಲಿಗೆ ಇಂಥ ಕ್ಯಾರಿಯರ್ ಹಾಕಿಸಿದವರು ಬೇರೆ ಯಾರೂ ಇರಲಾರರು; ಅಂಗಡಿಯವನು ಎರಡು ಸಲ ಕೇಳಿ ಖಾತ್ರಿ ಮಾಡಿಕೊಂಡ. ಅಜ್ಜ ಅದರ ಮೇಲೆ ಕೂತು, ಈಗ ಸೈಕಲ್ ಅನ್ನಿಸ್ತೈತೆ ಎಂದರು. ಗಡಿಕಲ್ಲಿನಿಂದ ಅವರನ್ನು ಕೂರಿಸಿಕೊಂಡು ಒಣ ಕೆಸರಿನಲ್ಲಿ ತಳ್ಳುತ್ತ ಹೋದೆ. ಕೋಲು ಇನ್ನೂ ಅಲ್ಲೇ ಇತ್ತು, ದುಪಟ್ಟಾದ ತುಂಡು ಬಿಳಿಚಿಕೊಂಡಿತ್ತು. ಅದನ್ನು ದಾಟಿ ನಲವತ್ತಾರು ಅಡಿ. ಅಜ್ಜ ಇಳಿದರು, ಚಪ್ಪಲಿ ಕಳಚಿದರು, ನನ್ನ ಹೆಗಲು ಹಿಡಿದು ಹಿಮ್ಮಡಿ ಗುದ್ದಿದರು. ಒಂದು ಹೆಜ್ಜೆ ಸರಿದು ಮತ್ತೆ ಗುದ್ದಿದರು. ಮೂರನೆಯ ಜಾಗದಲ್ಲಿ ಶಬ್ದ ಬೇರೆ ಬಂತು. ಆ ಒಂದು ಸಲ ನನಗೂ ಕೇಳಿಸಿತು.

ಎರಡು ಅಡಿ ಅಗೆದಾಗ ಕಲ್ಲಿನ ತಲೆ, ಅದರ ಮೇಲೆ ಕೊರೆದ ಗುರುತು. ಅಜ್ಜ ಹೆಬ್ಬೆರಳಿನಿಂದ ಅದಕ್ಕೆ ಸುಣ್ಣ ಬಳಿದರು. ಅಷ್ಟರಲ್ಲಿ ಕೂಲಿ ಮುಗಿಸಿದ ಹೆಂಗಸರು ಆ ಕಡೆಯಿಂದ ಬಂದರು. ನಾಲೆ ನಿಂತಿದ್ದರಿಂದ ಅವತ್ತು ನೀರಿಲ್ಲ, ಮೊಣಕಾಲು ಕೆಸರು. ಹಿರಿಯಾಕೆ ಎಂದಿನಂತೆ ಕಪ್ಪೆ ಸಿಕ್ಕಿತೇನಜ್ಜ ಎಂದರು. ಅಜ್ಜ ಎದ್ದು ನಿಂತು, ಎಮ್ಮೆ ಕಲ್ಲಿನ ವಿಷಯ ಎಲ್ಲರ ಮುಂದೆ, ಒಂದಕ್ಷರ ಬಿಡದೆ ಹೇಳಿದರು. ಪಿಂಚಣಿಗೆ ಎಲ್ಲಿ ಕುತ್ತು ಬರುತ್ತದೋ ಎಂದು ಮನೆಯವರು ಹೆದರಿ ಇಷ್ಟು ವರ್ಷ ಬಾಯಿ ಕಟ್ಟಿಸಿದ್ದ ಮಾತು ಅದು. ಕೊನೆಗೆ ಕೈ ಮುಗಿದರು. ಯಾರೂ ನಗಲಿಲ್ಲ. ಆಕೆ ತನ್ನ ಕೆಸರುಗಾಲು ನೋಡಿಕೊಂಡರು, ಕಲ್ಲು ನೋಡಿದರು, ಅಜ್ಜನ ಕಾಲನ್ನೂ ನೋಡಿದರು.

"ಇಪ್ಪತ್ತು ವರ್ಷ ಕೆಸರು ತುಳಿಸಿದ್ಯಲ್ಲಜ್ಜ" ಎಂದರು. ಆಮೇಲೆ, "ಕಾಲು ತೊಳ್ಕಂಡು ಮನಿಗೆ ಹೋಗು. ಶೀತ ಆಗ್ತೈತೆ" ಎಂದು ತಮ್ಮ ಬಾಟಲಿಯ ನೀರನ್ನು ಅವರ ಪಾದದ ಮೇಲೆ ಸುರಿದರು.

ಹದ್ದುಬಸ್ತಿನ ಅರ್ಜಿಯ ಜೊತೆ ಅಜ್ಜನ ಹೇಳಿಕೆಯನ್ನೂ ಬರೆದು ಸಹಿ ಹಾಕಿಸಿ ಕೊಟ್ಟೆವು. ಪಿಂಚಣಿಗೆ ಏನೂ ಆಗಲಿಲ್ಲ. ಸರ್ವೇಯರು ಬರಲು ಡಿಸೆಂಬರೇ ಆಯಿತು, ಅಜ್ಜ ಶ್ರಾವಣದಲ್ಲೇ ತೀರಿಕೊಂಡಿದ್ದರು. ನಾಲ್ಕು ತಿಂಗಳು ಕಾಯಲಾಗಲಿಲ್ಲವೇ ಎಂದು ನನಗೆ ಅವರ ಮೇಲೆ ಕೊನೆಯ ಸಿಟ್ಟು. ಅಳತೆಯ ದಿನ ಬಂದ ಹೊಸ ಬಾಂದು ಜವಾನನಿಗೆ ಕಲ್ಲು ಕಾಣಲಿಲ್ಲ, ಮಳೆಗಾಲದ ಹೂಳು ಅದನ್ನು ಮತ್ತೆ ಮುಚ್ಚಿತ್ತು. ನಾನು ಶೂ ಬಿಚ್ಚಿ ಹಿಮ್ಮಡಿ ಗುದ್ದಿದೆ. ನನ್ನದು ಮೆತ್ತನೆಯ ಹಿಮ್ಮಡಿ, ಎರಡು ದಿನ ಕುಂಟಿದೆ. ಆದರೂ ಐತೆ ಎಂದೆ, ಇತ್ತು.

ತೋಟದವರು ಗೊಣಗುತ್ತಲೇ ಬೇಲಿ ಸರಿಸಿದರು. ಎರಡು ಅಡಿಕೆ ಗಿಡ ಮಾತ್ರ ಇನ್ನೂ ದಾರಿಯ ನಡುವೆಯೇ ಇವೆ, ಈ ಫಸಲು ಬರಲಿ, ಮುಂದಿನ ಫಸಲು ಬರಲಿ ಎನ್ನುತ್ತಾರೆ. ನನ್ನ ನಕ್ಷೆ ಪೂರ್ತಿಯಾಗಿದೆ. ಕ್ಯಾರಿಯರನ್ನು ಬಿಚ್ಚಿ ಎಸೆ ಎಂದು ಜೊತೆಯವರು ರೇಗಿಸುತ್ತಾರೆ, ಅದು ಕಡಕಡ ಎನ್ನುತ್ತ ಹಾಗೇ ಇದೆ. ಬೆಳಿಗ್ಗೆ ಏಳರ ಸುಮಾರಿಗೆ ನಾವು ಆ ದಿಬ್ಬಕ್ಕೆ ಬರುವಾಗ ಎದುರಿನಿಂದ ಬುತ್ತಿಗಂಟು ಹೊತ್ತ ಹೆಂಗಸರು ಬರುತ್ತಾರೆ. ದಾರಿ ಒಂದು ಬಂಡಿಯ ಅಗಲ, ಪಕ್ಕಕ್ಕೆ ಸರಿದರೆ ಇಬ್ಬರೂ ಹೋಗಬಹುದು. ಆದರೂ ನಾನು ಹನ್ನೆರಡು ಜನರನ್ನೂ ಇಳಿಸುತ್ತೇನೆ. ದುಬಾರಿ ಸೈಕಲ್ಲುಗಳನ್ನು ಹೆಗಲಿಗೆ ಹಾಕಿಕೊಂಡು ಬೈದುಕೊಳ್ಳುತ್ತ ನಾವು ಮೊಣಕಾಲು ಕೆಸರಿನಲ್ಲಿ ನಿಲ್ಲುತ್ತೇವೆ, ಅವರು ಒಣ ನೆಲದ ಮೇಲೆ ಮಾತಾಡಿಕೊಳ್ಳುತ್ತ ಹೋಗುತ್ತಾರೆ. ಕೊನೆಯವರು ದಾಟುವವರೆಗೆ ಯಾರೂ ಮೇಲೆ ಬರುವಂತಿಲ್ಲ.